ತೆಳ್ಳಗಿರುವ ಮಗುವಿಗೆ ಫ್ಯಾಟಿ ಲಿವರ್ ಅಂದರೆ ಪುಡಿ ಪ್ಯಾಕೆಟ್ ನಂಬಬೇಡಿ

ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತೇನೆ. ನಮ್ಮ ಕುಶಾಲನಗರ, ಸೋಮವಾರಪೇಟೆ ಕಡೆ ಲಿವರ್ ಕ್ಯಾಂಪ್ ಅಂತ ಹಾಲ್ ಹಿಡಿದು ಪ್ಯಾಕೆಟ್ ಮಾರುವವರ ಹತ್ತಿರ ದಯವಿಟ್ಟು ಹೋಗಬೇಡಿ. ಮಕ್ಕಳನ್ನಂತೂ ಕರೆದುಕೊಂಡು ಹೋಗಲೇಬೇಡಿ. ನಾನು ಹೋದೆ. ಎರಡು ಸಲಕ್ಕೆ 9,600 ರೂಪಾಯಿ ಕೊಟ್ಟೆ. ದುಡ್ಡು ಹೋಗಲಿ, ಮಗಳ ಐದು ತಿಂಗಳು ಹೋಯಿತು.

ಮಗಳಿಗೆ 14 ವರ್ಷ. ತೆಳ್ಳಗಿದ್ದಾಳೆ, 36 ಕೆ.ಜಿ. ಕಾಫಿ ಕೊಯ್ಲಿನ ಹೊತ್ತಿಗೆ ಹೊಟ್ಟೆನೋವು, ಸುಸ್ತು ಅಂದಳು. ಸ್ಕ್ಯಾನ್ ಮಾಡಿಸಿದೆವು. ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ಸೇರಿದೆ ಎಂದು ಬಂತು. ಲಿವರ್‌ಗೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ 150 ದಾಟಿತ್ತು. ಎಣ್ಣೆ, ಬೇಕರಿ ತಿಂಡಿ ಬಿಡಿಸಿ, ಮೂರು ತಿಂಗಳಾದ ಮೇಲೆ ಮತ್ತೆ ಬನ್ನಿ ಅಂತ ಅಲ್ಲಿನ ಡಾಕ್ಟರ್ ಅಂದರು. ಲಿವರ್ ಅಂದ ತಕ್ಷಣ ನಮ್ಮಲ್ಲಿ ಜನ ಕುಡಿತ ಅಂದುಕೊಳ್ಳುತ್ತಾರೆ. ಹುಡುಗಿಯ ಲಿವರ್ ಕೆಟ್ಟಿದೆ ಅಂತ ಯಾರ ಹತ್ತಿರ ಹೇಳುವುದು? ಷಡ್ಕನಿಗೆ ಮಾತ್ರ ಹೇಳಿದೆ. ಅವನೇ ಆ ಕ್ಯಾಂಪ್‌ಗೆ ಕರೆದುಕೊಂಡು ಹೋದ. ಅವನದು ತಪ್ಪಲ್ಲ, ಅವನೂ ನಂಬಿದ್ದ.

ಅಲ್ಲಿದ್ದ ಮನುಷ್ಯ ರಿಪೋರ್ಟ್ ಮೇಲೆ ಒಂದು ಸಲ ಕಣ್ಣಾಡಿಸಿದ. "ಇದೇನೂ ಅಲ್ಲ ಸಾರ್. ಒಳಗೆ ಹೊಲಸು ಕೂತಿದೆ. ಮೂರು ತಿಂಗಳಲ್ಲಿ ತೊಳೆದುಬಿಡ್ತೀವಿ" ಅಂದ. ಮಗಳ ನಾಡಿ ನೋಡಲಿಲ್ಲ. ಮನೆಯಲ್ಲಿ ಯಾರಿಗಾದರೂ ಇಂಥದ್ದು ಇತ್ತಾ ಅಂತ ಕೇಳಲಿಲ್ಲ. ಪುಡಿಯ ಡಬ್ಬಿ, ಜೊತೆಗೆ ಒಂದು ತಾಮ್ರದ ಬಾಟಲಿ, 4,800 ರೂಪಾಯಿ. ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕಬೇಕು. ರಾತ್ರಿ ಬಾಟಲಿಗೆ ನೀರು ತುಂಬಿಸಿ ಅರ್ಧ ನಿಂಬೆಹಣ್ಣು ಹಿಂಡಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಕುಡಿಸಬೇಕು.

ದಿನಾ ರಾತ್ರಿ ನಾನೇ ತುಂಬಿಸಿಡುತ್ತಿದ್ದೆ. ನಾನೇ ನಿಂಬೆಹಣ್ಣು ಹಿಂಡುತ್ತಿದ್ದೆ. ನಮ್ಮಜ್ಜಿ ಕಲಾಯಿ ಹಾಕಿಸದ ತಾಮ್ರದ ಪಾತ್ರೆಗೆ ಹುಳಿ ಮುಟ್ಟಿಸುತ್ತಿರಲಿಲ್ಲ. ಹುಳಿ ಬಿದ್ದರೆ ತಾಮ್ರ ಬಿಡುತ್ತದೆ ಅಂತ ಓದದ ಅಜ್ಜಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಕೇಳಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಂದು ದಿನ ಮಗಳ ಕೈಯಿಂದ ಕಾಫಿ ಲೋಟ ಜಾರಿತು. ಇನ್ನೊಂದು ದಿನ ಜಡೆ ಹೆಣೆಯಲು ಬರುತ್ತಿಲ್ಲ ಅಂತ ಅತ್ತಳು. ಬೆರಳು ನಡುಗುತ್ತಿತ್ತು. ಆ ಮನುಷ್ಯನಿಗೆ ಫೋನ್ ಮಾಡಿದೆ. ಅವನು ಹೇಳಿದ ಮಾತು ಇದು: "ನಡುಕ ಬಂತಾ? ಒಳ್ಳೇದು ಸಾರ್! ಹೊಲಸು ಹೊರಗೆ ಬರ್ತಾ ಇದೆ ಅಂತ ಅರ್ಥ. ಈಗ ನಿಲ್ಲಿಸಿದ್ರೆ ಮಾಡಿದ್ದೆಲ್ಲ ನೀರಲ್ಲಿ ಹೋಮ."

ಒಳ್ಳೇದು ಅಂದ. ನನ್ನ ಮಗಳ ಕೈ ನಡುಗುತ್ತಿತ್ತು, ಒಳ್ಳೇದು ಅಂದ. ನಾನು ಅವತ್ತೇ ಎರಡನೇ ಪ್ಯಾಕೆಟ್‌ಗೆ ದುಡ್ಡು ಹಾಕಿದೆ.

ಕೊನೆಗೆ ಶಾಲೆಯ ಮೇಡಂ ಕರೆಸಿದರು. ಹೋದ ವರ್ಷದ ನೋಟ್‌ಬುಕ್, ಈ ವರ್ಷದ ನೋಟ್‌ಬುಕ್ ಪಕ್ಕಪಕ್ಕ ಇಟ್ಟರು. "ಇದು ಇವಳ ಅಕ್ಷರವೇ ಅಲ್ಲ. ಮೈಸೂರಿಗೆ ಕರ್ಕೊಂಡು ಹೋಗಿ" ಅಂದರು. ಆ ಮೇಡಂಗೆ ಎಷ್ಟು ಸಲ ಕೈಮುಗಿದರೂ ಸಾಲದು.

ಮೈಸೂರಿನ ಡಾಕ್ಟರ್ ಮೊದಲು ಕೇಳಿದ್ದೇ "ನಿಮ್ಮದು ಸಂಬಂಧದಲ್ಲೇ ಆದ ಮದುವೆನಾ?" ಅಂತ. ಹೌದು, ನನ್ನ ಹೆಂಡತಿ ಸೋದರಮಾವನ ಮಗಳು. ಕಣ್ಣಿಗೆ ಯಂತ್ರ ಹಿಡಿದು ನೋಡಿಸಿದರು. ಕರಿಗುಡ್ಡೆಯ ಅಂಚಿನಲ್ಲಿ ಕಂದು ಬಣ್ಣದ ಉಂಗುರ ಇತ್ತು. ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನ್‌ನ ಪರೀಕ್ಷೆ. ಸಾಮಾನ್ಯವಾಗಿ 20ರ ಮೇಲಿರಬೇಕು, ಇವಳದ್ದು 7. ಆಮೇಲೆ ಇಡೀ 24 ಗಂಟೆಯ ಮೂತ್ರ ಕ್ಯಾನಿನಲ್ಲಿ ಹಿಡಿದು ಕೊಟ್ಟೆವು. ಅದರಲ್ಲಿ ತಾಮ್ರ ವಿಪರೀತ.

ವಿಲ್ಸನ್ ಕಾಯಿಲೆ ಅಂದರು. ಸುಮಾರು 30,000 ಜನರಲ್ಲಿ ಒಬ್ಬರಿಗೆ ಬರುವಂಥದ್ದು. ಊಟದಲ್ಲಿ ಬರುವ ತಾಮ್ರದಲ್ಲಿ ಹೆಚ್ಚಾದದ್ದನ್ನು ಲಿವರ್ ಪಿತ್ತದ ಜೊತೆ ಹೊರಗೆ ಹಾಕುತ್ತದೆ. ಆ ಕೆಲಸದ ಜೀನ್ ಕೆಟ್ಟಿದ್ದರೆ ತಾಮ್ರ ಲಿವರ್‌ನಲ್ಲೇ ಉಳಿಯುತ್ತದೆ. ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. ಸ್ಕ್ಯಾನ್‌ನಲ್ಲಿ ಸಾಮಾನ್ಯ ಫ್ಯಾಟಿ ಲಿವರ್ ಥರವೇ ಕಾಣುತ್ತದೆ. ಆಮೇಲೆ ತಾಮ್ರ ಉಕ್ಕಿ ಮೆದುಳಿಗೆ, ಕಣ್ಣಿಗೆ ಹೋಗುತ್ತದೆ. ಆ ಜೀನ್‌ನ ಒಂದು ಕೆಟ್ಟ ಪ್ರತಿ ನನ್ನಿಂದ ಬಂತು, ಒಂದು ನನ್ನ ಹೆಂಡತಿಯಿಂದ. ನಮಗಿಬ್ಬರಿಗೂ ಏನೂ ಇಲ್ಲ.

"ಬೇರೆ ಏನಾದ್ರೂ ಔಷಧಿ ಕೊಡ್ತಿದ್ರಾ?" ಅಂತ ಕೇಳಿದರು. ಮಗಳು ಬ್ಯಾಗಿನಿಂದ ಆ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ದಾರಿಗೆ ಅಂತ ಬೆಳಿಗ್ಗೆ ನಾನೇ ತುಂಬಿಸಿ ಕೊಟ್ಟಿದ್ದೆ. ಡಾಕ್ಟರ್ ಬೈಯಲಿಲ್ಲ. ಬಾಟಲಿಯನ್ನು ಆಚೆ ಸರಿಸಿದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ನಾನು ತೋಟದವನು. ಮೈಲುತುತ್ತ, ಸುಣ್ಣ ಕಲಸಿ ಕಾಳುಮೆಣಸಿನ ಬಳ್ಳಿಗೆ, ಕಾಫಿಗೆ ವರ್ಷವರ್ಷ ಹೊಡೆಸುತ್ತೇನೆ. ಮೈಲುತುತ್ತ ಅಂದರೆ ತಾಮ್ರದ್ದೇ. ಅದು ರೋಗದ ಬೂಷ್ಟನ್ನು ಕೊಲ್ಲುತ್ತದೆ ಅಂತ ಗೊತ್ತಿದ್ದವನು, ತಾಮ್ರ ಹೊರಗೆ ಹಾಕಲಾಗದ ಮಗುವಿಗೆ ತಾಮ್ರದ ನೀರು ಕುಡಿಸಿದೆ. ಕಾಯಿಲೆ ಬಂದದ್ದು ಬಾಟಲಿಯಿಂದ ಅಲ್ಲ, ಹುಟ್ಟಿನಿಂದಲೇ ಇತ್ತು ಅಂತ ಡಾಕ್ಟರ್ ಸಮಾಧಾನ ಹೇಳಿದರು. ಆದರೆ ಕೈ ನಡುಗುವ ಮೊದಲೇ ಸಿಕ್ಕಿದ್ದರೆ? ಆ ಜೇನುತುಪ್ಪವೂ ಎಲ್ಲರಿಗೂ ಆಗುವುದಿಲ್ಲವಂತೆ. ಹಣ್ಣಿನ ಸಕ್ಕರೆ ಅರಗದ ಇನ್ನೊಂದು ಹುಟ್ಟು ಕಾಯಿಲೆ ಇದೆ. ಆ ಮಕ್ಕಳಿಗೂ ಫ್ಯಾಟಿ ಲಿವರ್ ಬರುತ್ತದೆ, ಅವರಿಗೆ ಜೇನೇ ವಿಷ.

ಊರಿಗೆ ಬಂದವನೇ ಅವನ ಹತ್ತಿರ ಹೋದೆ. ರಿಪೋರ್ಟ್ ತೋರಿಸಿದೆ. "ಅದು ನಿಮ್ಮ ವಂಶದ ದೋಷ ಸಾರ್, ನಮ್ಮ ಪುಡಿದಲ್ಲ" ಅಂದ. ದುಡ್ಡು ಕೇಳಿದೆ. "ಡಬ್ಬಿ ಒಡೆದಿದೆ, ವಾಪಸ್ ಇಲ್ಲ" ಅಂದ. ತಾಮ್ರದ ನೀರು ಯಾಕೆ ಕೊಟ್ಟೆ ಅಂತ ಕೇಳಿದೆ. "ಹಿರಿಯರು ಕುಡೀತಿರಲಿಲ್ವಾ?" ಅಂದ. ಹಿರಿಯರು ನಿಂಬೆಹಣ್ಣು ಹಿಂಡಿ ಕುಡಿಯುತ್ತಿರಲಿಲ್ಲ ಅಂದೆ. ಫೋನ್ ಬಂತು ಅಂತ ಎದ್ದು ಹೋದ.

ಈಗ ಮಗಳಿಗೆ ಮೈಯಲ್ಲಿರುವ ತಾಮ್ರವನ್ನು ಮೂತ್ರದಲ್ಲಿ ಹೊರಗೆ ಹಾಕಿಸುವ ಪೆನಿಸಿಲಮೈನ್ ಮಾತ್ರೆ, ಖಾಲಿ ಹೊಟ್ಟೆಗೆ. ಪ್ರಮಾಣವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದಾರೆ. ಜೊತೆಗೆ ವಿಟಮಿನ್ ಬಿ6. ಜೀವನಪೂರ್ತಿ ಔಷಧಿ ಬೇಕು, ಒಮ್ಮೆಲೇ ನಿಲ್ಲಿಸಿದರೆ ಲಿವರ್ ಕೈಕೊಡಬಹುದು. ಬಿಡದೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕಬಹುದು ಅಂದಿದ್ದಾರೆ. ಅಣಬೆ, ಏಡಿಯಲ್ಲಿ ತಾಮ್ರ ಹೆಚ್ಚು, ಅದಕ್ಕೆ ಈ ಮಳೆಗಾಲ ಮನೆಗೆ ಅವನ್ನು ತರಲಿಲ್ಲ. ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುವುದರಿಂದ ಮಗನಿಗೂ ಪರೀಕ್ಷೆ ಮಾಡಿಸಿದ್ದೇವೆ. ರಿಪೋರ್ಟ್ ಇನ್ನೂ ಬಂದಿಲ್ಲ.

ಮಗು ತೆಳ್ಳಗಿದ್ದೂ ಫ್ಯಾಟಿ ಲಿವರ್ ಅಂದರೆ, ಯಾಕೆ ಬಂತು ಅಂತ ಡಾಕ್ಟರನ್ನು ಬಿಡದೆ ಕೇಳಿ. ಸೆರುಲೋಪ್ಲಾಸ್ಮಿನ್ ನೋಡಿದ್ದೀರಾ ಅಂತ ಕೇಳಿ. ಸಂಬಂಧದಲ್ಲಿ ಮದುವೆಯಾಗಿದ್ದರೆ ನೀವಾಗಿಯೇ ಹೇಳಿ. ನಾಚಿಕೆ ಪಡಬೇಡಿ, ನನ್ನ ನಾಚಿಕೆಯಿಂದಲೇ ಇಷ್ಟಾಯಿತು.

ನಿನ್ನೆ ಬಸ್ ಸ್ಟ್ಯಾಂಡ್ ಹತ್ತಿರ ಬ್ಯಾನರ್ ನೋಡಿದೆ. ಈ ಭಾನುವಾರ ಅದೇ ಹಾಲ್‌ನಲ್ಲಿ ಮತ್ತೆ ಕ್ಯಾಂಪ್ ಇದೆ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ಮಕ್ಕಳ ರಿಪೋರ್ಟ್ ಹಿಡಿದು ಬರುವವರು ಒಳಗೆ ಹೋಗುವ ಮೊದಲು ನನ್ನ ಹತ್ತಿರ ಎರಡು ನಿಮಿಷ ಮಾತನಾಡಿ.