ಪ್ಲೇಟ್ ಬದಲಿಸುವ ಡಂಬೆಲ್ ಜೋಡಿ: ಅರ್ಧ ಕೆಜಿ ಪ್ಲೇಟ್‌ಗಾಗಿಯೇ ಕೊಳ್ಳಬಹುದು

ಈ ಸೆಟ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅರ್ಧ ಕೆಜಿಯ ಪುಟ್ಟ ಪ್ಲೇಟುಗಳು, ಅಂದರೆ ಹ್ಯಾಂಡಲ್‌ಗೆ ಹಾಕುವ ತೂಕದ ಬಿಲ್ಲೆಗಳು. ಎರಡು ಸ್ಟೀಲ್ ಹ್ಯಾಂಡಲ್, ನಕ್ಷತ್ರದ ಆಕಾರದ ನಾಲ್ಕು ನಟ್, 0.5, 1.25 ಮತ್ತು 2.5 ಕೆಜಿಯ ಪ್ಲೇಟ್ ನಾಲ್ಕು ನಾಲ್ಕು. ನಟ್ ಸೇರಿ ಬರೀ ಹ್ಯಾಂಡಲ್ಲೇ 2 ಕೆಜಿ. ಹಾಗಾಗಿ ಒಂದೊಂದು ಡಂಬೆಲ್‌ನಲ್ಲಿ 2, 3, 4.5, 5.5, 7, 8, 9.5, 10.5 ಅಂತ ಎಂಟು ತೂಕ ಮಾಡಿಕೊಳ್ಳಬಹುದು. ಪ್ರತಿ ಸಲ ಏರುವುದು ಒಂದು ಅಥವಾ ಒಂದೂವರೆ ಕೆಜಿ, ಅಷ್ಟೇ.

ನನಗೀಗ 53. ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತದೆ, ತೂಕ ಎತ್ತುವುದು ಶುರುಮಾಡಿ ಎಂದು ಡಾಕ್ಟರ್ ಹೇಳಿದರು. ಮೊದಲೇ ತೂಕ ಜೋಡಿಸಿ ಬರುವ ಡಂಬೆಲ್‌ಗಳಲ್ಲಿ ಸಾಮಾನ್ಯವಾಗಿ 5 ಆದ ಮೇಲೆ 7.5 ಸಿಗುತ್ತದೆ. ನೋಡಲು ಎರಡೂವರೆ ಕೆಜಿ ಮಾತ್ರ, ಆದರೆ ಭುಜಕ್ಕೆ ಅದು ಒಮ್ಮೆಗೇ ಅರ್ಧದಷ್ಟು ಹೆಚ್ಚಿನ ಭಾರ. ತಲೆಯ ಮೇಲಕ್ಕೆ ಎತ್ತುವ ಪ್ರೆಸ್‌ನಲ್ಲಿ ನನ್ನಂಥವರು ಅಲ್ಲೇ ನಿಂತುಬಿಡುತ್ತಾರೆ. ಇದರಲ್ಲಿ 4.5ರಿಂದ 5.5ಕ್ಕೆ ಹೋದೆ. ಕಷ್ಟ ಆಯಿತು, ಆದರೆ ಬೆನ್ನು ಬಾಗಲಿಲ್ಲ.

ಸ್ನಾಯುವಿಗೆ ನಿನ್ನೆಗಿಂತ ಸ್ವಲ್ಪ ಜಾಸ್ತಿ ಕೆಲಸ ಕೊಡುತ್ತಾ ಹೋಗಬೇಕು, ಇಲ್ಲದಿದ್ದರೆ ಅದು ಬೆಳೆಯಲು ಕಾರಣವೇ ಇಲ್ಲ. 1940ರ ದಶಕದಲ್ಲಿ ಥಾಮಸ್ ಡಿಲಾರ್ಮ್ ಎಂಬ ಅಮೆರಿಕದ ವೈದ್ಯರು ಗಾಯಗೊಂಡ ಸೈನಿಕರಿಗೆ ಹೀಗೆ ಹಂತ ಹಂತವಾಗಿ ಭಾರ ಏರಿಸಿಯೇ ಕಾಲಿನ ಬಲ ಮರಳಿ ತರಿಸಿದ್ದರು. ನನ್ನ ಲೆಕ್ಕ ಇನ್ನೂ ಸುಲಭ. ಒಂದು ತೂಕದಲ್ಲಿ 8 ರೆಪ್‌ನಿಂದ, ಅಂದರೆ ಒಂದೇ ಸಮನೆ 8 ಸಲ ಎತ್ತುವುದರಿಂದ ಶುರು. ಅದು ಒಂದು ಸೆಟ್, ಅಂಥ ಮೂರು ಸೆಟ್ ಮಾಡುತ್ತೇನೆ. ಮೂರೂ ಸೆಟ್‌ನಲ್ಲಿ 12 ಬಂದು, ಇನ್ನೂ ಒಂದೆರಡು ಆಗುತ್ತಿತ್ತು ಅನಿಸಿದರೆ ಮುಂದಿನ ಸಲ ಪ್ಲೇಟ್ ಬದಲಿಸುತ್ತೇನೆ. ಹೊಸ ತೂಕದಲ್ಲಿ ಮತ್ತೆ 8. ಪ್ಲೇಟ್ ಚಿಕ್ಕದಿದ್ದಾಗ ಮಾತ್ರ ಈ ಲೆಕ್ಕ ಸರಿಹೋಗುವುದು, ಅಲ್ವಾ?

ಈಗ ತೊಂದರೆಗಳು. ನಟ್ ಸಡಿಲವಾಗುತ್ತದೆ. ಬಗ್ಗಿ ಸೊಂಟದ ಕಡೆಗೆ ಎಳೆಯುವ ರೋ ಮಾಡುವಾಗ ಇದು ಜಾಸ್ತಿ. ಒಳಗಿನ ರಬ್ಬರ್ ವಾಷರ್ ಸರಿಯಾಗಿ ಕೂತಿದ್ದರೆ ಹಿಡಿತ ಪರವಾಗಿಲ್ಲ, ಆದರೂ ಪ್ರತಿ ಸೆಟ್‌ಗೂ ಮುಂಚೆ ಒಮ್ಮೆ ತಿರುಗಿಸಿ ನೋಡಲೇಬೇಕು. ಮುಖದ ಮೇಲೆ ಹಿಡಿಯುವ ವಸ್ತು ಇದು. ಇನ್ನೊಂದು, ಪ್ಲೇಟಿನ ಮೇಲೆ ಬರೆದ ತೂಕವೇ ಒಳಗಿರುವುದಿಲ್ಲ. ತಕ್ಕಡಿಯಲ್ಲಿಟ್ಟಾಗ 2.5ರ ಒಂದು ಪ್ಲೇಟ್ 2.42 ತೋರಿಸಿತು, ಮತ್ತೊಂದು 2.55. ಎರಕದ ಕಬ್ಬಿಣದಲ್ಲಿ ಇಷ್ಟು ಏರುಪೇರು ಇರುವುದೇ. ಭಾರದ್ದನ್ನೂ ಹಗುರದ್ದನ್ನೂ ಬೆರೆಸಿ ಎರಡೂ ಕೈಗೆ ಸಮ ಮಾಡಿಕೊಂಡೆ. ಹ್ಯಾಂಡಲ್ ಮೇಲಿನ ಗೀರುಗಳು ಚೆನ್ನಾಗಿವೆ, ಬೆವರಿದರೂ ಜಾರುವುದಿಲ್ಲ.

ತೂಕ ಬದಲಿಸಲು ಸಮಯ ಹಿಡಿಯುತ್ತದೆ. ನಾಲ್ಕು ನಟ್ ಬಿಚ್ಚಿ, ಪ್ಲೇಟ್ ಹಾಕಿ, ಮತ್ತೆ ಬಿಗಿ ಮಾಡಬೇಕು. ಒಂದರ ಹಿಂದೆ ಒಂದು ಬೇರೆ ಬೇರೆ ವ್ಯಾಯಾಮ ಮಾಡುವವರಿಗೆ ಇದು ಕಿರಿಕಿರಿ. ಸೆಟ್‌ಗಳ ನಡುವೆ ಎರಡು ನಿಮಿಷ ಕೂರುವ ನನಗೆ ಅಡ್ಡಿಯಾಗಿಲ್ಲ.

ನಿಜವಾದ ಮಿತಿ ಕಾಲಿನದು. ತೊಡೆಗೆ 10.5 ಬೇಗ ಸಾಲದಾಗುತ್ತದೆ. ಮಂಡಿ ಮಡಚಿ ಕೂತು ಏಳುವ ಸ್ಕ್ವಾಟ್‌ಗೆ ಒಂದೇ ಹ್ಯಾಂಡಲ್‌ಗೆ 2.5 ಮತ್ತು 1.25ರ ಪ್ಲೇಟುಗಳನ್ನೆಲ್ಲ ಹಾಕಿ 17 ಕೆಜಿ ಮಾಡಿ ಎದೆಗೆ ಒತ್ತಿ ಹಿಡಿಯುತ್ತೇನೆ. ಅದಕ್ಕಿಂತ ಜಾಸ್ತಿ ಹಾಕಿದರೆ ನಟ್‌ಗೆ ಥ್ರೆಡ್ ಸಿಗುವುದಿಲ್ಲ, ಹಾಕಬೇಡಿ. ಅದೂ ಹಗುರ ಅನಿಸಿದಾಗ ನಿಧಾನವಾಗಿ ಇಳಿಯಿರಿ, ಇಲ್ಲವೇ ಒಂದು ಕಾಲು ಹಿಂದಿಟ್ಟು ಲಂಜ್ ಮಾಡಿ.

ಪೆಟ್ಟಿಗೆಯೊಳಗಿನ ಚಾರ್ಟ್ ಬಗ್ಗೆ ನನಗೆ ಸಿಟ್ಟಿದೆ. ಇದರಿಂದ ಹೊಟ್ಟೆಯ ಬೊಜ್ಜು ಕರಗುತ್ತದೆ ಎಂದು ಚಿತ್ರ ಸಮೇತ ಹಾಕಿದ್ದಾರೆ. ಯಾವ ಭಾಗಕ್ಕೆ ಕೆಲಸ ಕೊಟ್ಟರೆ ಆ ಭಾಗದ ಕೊಬ್ಬೇ ಇಳಿಯುತ್ತದೆ ಎನ್ನುವುದು ಸುಳ್ಳು. ಡಂಬೆಲ್ ಎತ್ತುವುದರಿಂದ ಸುಡುವ ಕ್ಯಾಲೊರಿಯೂ ದೊಡ್ಡದಲ್ಲ. ತೂಕ ಇಳಿಯುವುದು ಮುಖ್ಯವಾಗಿ ಊಟದ ಲೆಕ್ಕದಿಂದ. ಆದರೆ ಬರೀ ಊಟ ಕಡಿಮೆ ಮಾಡಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಅದನ್ನು ಉಳಿಸಿಕೊಳ್ಳಲು ಪ್ರೋಟೀನ್ ಬೇಕು, ಭಾರ ಎತ್ತುವುದೂ ಬೇಕು. ಅದಕ್ಕೇ ನಾನು ತೂಕದ ಯಂತ್ರದ ಜೊತೆ ಟೇಪನ್ನೂ ಇಟ್ಟುಕೊಂಡಿದ್ದೇನೆ. ದೇಹದ ನೀರಿನಿಂದಲೇ ತೂಕ ದಿನಕ್ಕೊಂದು ತೋರಿಸುತ್ತದೆ. ತೂಕ ಅಲುಗದ ವಾರಗಳಲ್ಲೂ ನನ್ನ ಸೊಂಟದ ಅಳತೆ ಇಳಿದಿದೆ.

ಆ ಚಾರ್ಟ್‌ನಲ್ಲಿ ಉಸಿರಿನ ಬಗ್ಗೆ ಒಂದು ಸಾಲೂ ಇಲ್ಲ. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಥಟ್ಟನೆ ಏರುತ್ತದೆ. ಎತ್ತುವಾಗ ಉಸಿರು ಬಿಡಿ, ಇಳಿಸುವಾಗ ಎಳೆದುಕೊಳ್ಳಿ. ಬಿಪಿ ಇರುವವರು ಮೊದಲು ಡಾಕ್ಟರ್‌ ಹತ್ತಿರ ಮಾತಾಡಿ.

ದೊಡ್ಡವರು ವಾರಕ್ಕೆ ಕನಿಷ್ಠ 2 ದಿನ ಮುಖ್ಯ ಸ್ನಾಯುಗಳಿಗೆಲ್ಲ ಬಲದ ವ್ಯಾಯಾಮ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಸಬರಿಗೆ, ನನ್ನ ವಯಸ್ಸಿನವರಿಗೆ ಅಷ್ಟಕ್ಕೆ ಈ ಸೆಟ್ ಧಾರಾಳ ಸಾಕು. ಆಗಲೇ ಭಾರ ಎತ್ತಿ ಪಳಗಿದವರಿಗೆ ಸಾಲದು. ಮುಂದೆ ಪ್ಲೇಟ್ ಸೇರಿಸುವ ಯೋಚನೆ ಇದ್ದರೆ ಹ್ಯಾಂಡಲ್ ಎಷ್ಟು ದಪ್ಪ ಎಂದು ಮೊದಲೇ ಕೇಳಿ. ಇದರದ್ದು 28 ಮಿಲಿಮೀಟರ್. 25ರ ತೂತಿನ ಪ್ಲೇಟ್ ಇದಕ್ಕೆ ಹೋಗುವುದಿಲ್ಲ, ಜಿಮ್‌ನ ದೊಡ್ಡ ಬಾರ್‌ಗೆ ಹಾಕುವ 50ರದ್ದು ನಿಲ್ಲುವುದಿಲ್ಲ.