ಉಡುಪಿಯಿಂದ ಬೆಂಗಳೂರಿಗೆ: ವಿಮಾನ, ರಾತ್ರಿ ಬಸ್ಸು, ರೈಲು

ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಯಿಂದ ಬೆಂಗಳೂರಿಗೆ ಆಕಾಶದಲ್ಲಿ ಸುಮಾರು 300 ಕಿ.ಮೀ. ಟಿಕೆಟಿನಲ್ಲಿ ಒಂದು ಗಂಟೆ ಚಿಲ್ಲರೆ ಅಂತ ಇದ್ದರೂ ಮೇಲೆ ಹಾರುವುದು ಮುಕ್ಕಾಲು ಗಂಟೆಯ ಆಸುಪಾಸು ಅಷ್ಟೇ. ಆದರೆ ಉಡುಪಿಯವರಿಗೆ ಈ ಲೆಕ್ಕ ಸಾಲುವುದಿಲ್ಲ. ಮೂರರಲ್ಲೂ ಓಡಾಡಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ.

ಮೊದಲು ವಿಮಾನ. ಉಡುಪಿಯಿಂದ ಬಜ್ಪೆಗೆ ಹತ್ತಿರ ಹತ್ತಿರ 60 ಕಿ.ಮೀ., ಹೆದ್ದಾರಿಯಲ್ಲಿ ಟ್ರಾಫಿಕ್ ಇದ್ದರೆ ಒಂದೂವರೆ ಗಂಟೆ ಬೇಕು. ಬ್ಯಾಗ್ ಹಾಕಲಿಕ್ಕೆ ಇದ್ದರೆ ಕೌಂಟರ್ ಮುಚ್ಚುವ ಮೊದಲೇ ಮುಟ್ಟಬೇಕು, ಹಾಗಾಗಿ ಇನ್ನೊಂದು ಒಂದೂವರೆ ಗಂಟೆ ಅಲ್ಲೇ ಹೋಗುತ್ತದೆ. ಇಳಿದದ್ದು ಬೆಂಗಳೂರಲ್ಲಿ ಅಲ್ಲ, ದೇವನಹಳ್ಳಿಯಲ್ಲಿ. ಅಲ್ಲಿಂದ ಜಯನಗರಕ್ಕೋ ಎಲೆಕ್ಟ್ರಾನಿಕ್ ಸಿಟಿಗೋ ಹೋಗುವವರಿಗೆ ಸಂಜೆ ಹೊತ್ತಾದರೆ ಎರಡು ಗಂಟೆ ಸುಲಭವಾಗಿ ಹಿಡಿಯುತ್ತದೆ. ಎಲ್ಲಾ ಕೂಡಿಸಿದರೆ ಆರು ಗಂಟೆ ದಾಟಿತು, ಅದೂ ಹಗಲಿನ ಆರು ಗಂಟೆ! ಮಳೆಗಾಲದಲ್ಲಿ ಇನ್ನೊಂದು ತಲೆಬಿಸಿ ಉಂಟು. ಬಜ್ಪೆಯದ್ದು ಗುಡ್ಡದ ಮೇಲಿನ, ತುದಿಯಲ್ಲಿ ಕಣಿವೆ ಇರುವ ಟೇಬಲ್ ಟಾಪ್ ರನ್‌ವೇ, ಮೋಡ ಕೆಳಗೆ ಕೂತು ದಾರಿ ಕಾಣದಿದ್ದರೆ ಇಳಿಸುವುದಿಲ್ಲ, ಬೇರೆ ಊರಿಗೆ ತಿರುಗಿಸುತ್ತಾರೆ. ಅದು ಸರಿಯೇ, ಜೀವಕ್ಕಿಂತ ಅವಸರ ದೊಡ್ಡದಲ್ಲ.

ರಾತ್ರಿ ಬಸ್ಸು ಒಂಬತ್ತು ಹತ್ತು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಅದು ತಿನ್ನುವುದು ನಿದ್ದೆಯ ಹೊತ್ತನ್ನು. ಊಟ ಮಾಡಿ ಹತ್ತಿ, ಬೆಳಿಗ್ಗೆ ಊರೊಳಗೇ ಇಳಿದು ಸ್ನಾನ ಮಾಡಿ ಆಫೀಸಿಗೆ ಹೋಗಬಹುದು. ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದರೆ ಮಾತ್ರ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ರೈಲು. ಪಂಚಗಂಗಾ ಎಕ್ಸ್‌ಪ್ರೆಸ್ ಮಂಗಳೂರಿನ ಹೊರಗಿನ ಪಡೀಲ್ ಮೂಲಕ ಹೋಗುತ್ತದೆ, ಮಂಗಳೂರು ಸೆಂಟ್ರಲ್‌ಗೆ ಹೋಗಿ ಇಂಜಿನ್ ತಿರುಗಿಸುವ ತಾಪತ್ರಯ ಇಲ್ಲ. ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ 55 ಕಿ.ಮೀ. ಘಾಟಿಯಲ್ಲಿ 57 ಸುರಂಗ, ಏರು ಜೋರು, ರೈಲು ನಿಧಾನಕ್ಕೇ ಹತ್ತುತ್ತದೆ. ಆದರೂ ಕಾಲು ಚಾಚಿ ಮಲಗಬಹುದಲ್ವಾ, ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಾಗ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬರ್ತ್ ಸಿಗುವುದೇ ಕಷ್ಟ, ದಿನಾಂಕ ಗೊತ್ತಾದ ಕೂಡಲೇ ಬುಕ್ ಮಾಡಿ.

ಹಾಗಾದರೆ ವಿಮಾನ ಯಾರಿಗೆ? ಮಂಗಳೂರು ಪೇಟೆಯಲ್ಲೇ ಇದ್ದು, ಹೆಬ್ಬಾಳ ಯಲಹಂಕ ಕಡೆ ಕೆಲಸ ಇರುವವರಿಗೆ. ಮತ್ತೆ ಬೆಂಗಳೂರಿನಿಂದ ಮುಂದಕ್ಕೆ ಇನ್ನೊಂದು ವಿಮಾನ ಹಿಡಿಯುವವರಿಗೆ. ಉಡುಪಿ, ಕುಂದಾಪುರದವರು ಸುಮ್ನೆ ದುಡ್ಡು ಹಾಕಬೇಡಿ.

ಮುಂಬೈ ವಿಷಯ ಪೂರ್ತಿ ಬೇರೆ. ಬಜ್ಪೆಯಿಂದ ಸುಮಾರು 700 ಕಿ.ಮೀ., ವಿಮಾನದಲ್ಲಿ ಒಂದೂವರೆ ಗಂಟೆಯ ಮೇಲೆ ಸ್ವಲ್ಪ. ಮತ್ಸ್ಯಗಂಧ ರೈಲಿನಲ್ಲಿ ಹದಿನೈದು ಗಂಟೆಯಷ್ಟು. ಅಲ್ಲಿ ವಿಮಾನವೇ ಗೆಲ್ಲುತ್ತದೆ, ಅನುಮಾನವೇ ಬೇಡ. ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿ ಅಂತ ಮನೆಯವರು ಗಂಟು ಕಟ್ಟಿಕೊಟ್ಟರೆ ಮಾತ್ರ ರೈಲು ಹತ್ತಿ, ಯಾಕೆಂದರೆ ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಮೇಲೆ ಹೋದರೆ ದುಡ್ಡು ಕೇಳುತ್ತಾರೆ, ಕೊಬ್ಬರಿ ಇದ್ದರೆ ತೆಗೆದು ಪಕ್ಕಕ್ಕಿಡುತ್ತಾರೆ.