ಅವ್ವನ ಹಾರ್ಟಿಗೆ ಹುಬ್ಬಳ್ಳಿಯೋ, ಗದಗೋ?

ಅವ್ವನಿಗೆ 77. ಸಕ್ಕರೆ ಕಾಯಿಲೆ ಹಳೆಯದು. ಒಂದೇ ವರ್ಷದಲ್ಲಿ ಎರಡು ಕಡೆ ಅಡ್ಮಿಟ್ ಆದಳು: ಮೊದಲು ಹುಬ್ಬಳ್ಳಿಯ ದೊಡ್ಡ ಖಾಸಗಿ ಆಸ್ಪತ್ರೆ, ನಾಲ್ಕು ತಿಂಗಳಾದ ಮೇಲೆ ಗದಗಿನ ಇಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮ್. ಸಿಕ್ಕವರೆಲ್ಲ "ಎಲ್ಲಿ ಛಲೋ ಐತಿ?" ಅಂತ ಕೇಳ್ತಾರೆ.

ಮೊದಲ ಸಲ ಎದೆನೋವೇ ಇರಲಿಲ್ಲ. ಬೆವರು, ಸುಸ್ತು ಅಷ್ಟೇ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿದ ಬುದ್ಧಿವಂತ ನಾನೇ. ಸಕ್ಕರೆ ಇರುವ ವಯಸ್ಸಾದವರಿಗೆ ಅಟ್ಯಾಕ್ ಹೀಗೂ ಬರುತ್ತದೆಂದು ಆಮೇಲೆ ತಿಳಿಯಿತು. ಇಸಿಜಿ ನೋಡಿದ ಡಾಕ್ಟರು ನೇರ ಹುಬ್ಬಳ್ಳಿಗೆ ಓಡಿಸಿದರು. ಅಲ್ಲಿ ಕೆಲಸ ಚುರುಕು. ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ಕ್ರಿಯಾಟಿನಿನ್ ನೋಡಿ, ಮಣಿಕಟ್ಟಿನ ರಕ್ತನಾಳದಿಂದಲೇ ಹೋಗಿ ಹೃದಯದ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ, ಅಂದರೆ ಸ್ಟೆಂಟ್ ಹಾಕಿದರು. ಸ್ಟೆಂಟಿಗೆ ಸರ್ಕಾರ 2017ರಲ್ಲೇ ಗರಿಷ್ಠ ದರ ಕಟ್ಟಿದೆ. ನಮ್ಮ ಬಿಲ್ಲು ಉದ್ದವಾಗಿದ್ದು ಉಳಿದ ಸಾಲುಗಳಿಂದ.

ಆದರೆ ಆ ರಾತ್ರಿ! ಐಸಿಯು ಬಾಗಿಲಲ್ಲಿ ಅವಳ ಕನ್ನಡಕ, ಕಿವಿ ಮಶಿನ್, ಹಲ್ಲಿನ ಸೆಟ್ಟು ಮೂರನ್ನೂ ಪ್ಲಾಸ್ಟಿಕ್ ಕವರಿಗೆ ಹಾಕಿ ನನ್ನ ಕೈಗಿಟ್ಟರು. ಸಹಿ ಮಾಡಿ ಇಸಕೊಂಡೆ. ಕಾಣದ, ಕೇಳದ ಮುದುಕಿ, ತಲೆ ಮೇಲೆ ಆರದ ದೀಪ. ಎರಡು ಗಂಟೆಗೆ ಸಲೈನ್ ಕಿತ್ತು, ಎಂದೋ ತೀರಿಹೋದ ತಂಗಿಯನ್ನು ಕೂಗಿದಳಂತೆ. ಪಾಳಿಯ ಸಿಸ್ಟರ್‌ಗೆ ಕನ್ನಡ ಬರುತ್ತಿರಲಿಲ್ಲ. ಬೆಳಗ್ಗೆ ಹೋದರೆ ಎಡಗೈ ಮಂಚಕ್ಕೆ ಕಟ್ಟಿತ್ತು. ಕನ್ನಡಕ, ಮಶಿನ್ ಹಾಕಿಸಿದೆ; ಮಧ್ಯಾಹ್ನದ ಹೊತ್ತಿಗೆ ನನ್ನ ಹೆಸರು ಹಿಡಿದು ಬೈದಳು. ಜೀವ ಬಂತು.

ಡಿಸ್ಚಾರ್ಜ್ ಹಾಳೆಯೆಲ್ಲ ಇಂಗ್ಲಿಷು. ಒಂಬತ್ತು ಗುಳಿಗೆ, ಓಟ್ಸ್, ಕೊನೆಗೆ "ಲೋ ಸಾಲ್ಟ್". ಅನ್ನಕ್ಕೆ ಉಪ್ಪು ಹಾಕುವುದು ಬಿಟ್ಟೆವು, ಅಷ್ಟೇ.

ನಾಲ್ಕು ತಿಂಗಳಿಗೆ ಕಾಲು ಬಾತವು, ಮಲಗಿದರೆ ದಮ್ಮು. ಶ್ವಾಸಕೋಶದಲ್ಲಿ ನೀರು. ಈ ಸಲ ಗದಗ. ಅಲ್ಲಿ ಸ್ಟೆಂಟ್ ಹಾಕುವ ಕ್ಯಾಥ್ ಲ್ಯಾಬ್ ಇಲ್ಲ, ಹೃದಯದ ಡಾಕ್ಟರು ಗುರುವಾರ ಮಾತ್ರ, ಪೊಟ್ಯಾಶಿಯಂ ರಿಪೋರ್ಟಿಗೆ ಬೆಳಗಿನ ತನಕ ಕಾಯಬೇಕು. ಮೈಯ ನೀರು ಇಳಿಸುವ ಲ್ಯಾಸಿಕ್ಸ್ ಇಂಜೆಕ್ಷನ್, ಮೂತ್ರದ ಲೆಕ್ಕ, ದಿನಾ ತೂಕ. ರಾತ್ರಿ ನಾನು ಮಂಚದ ಪಕ್ಕವೇ ಚಾಪೆ ಹಾಸಿದೆ, ಅವ್ವ ಗೊರಕೆ ಹೊಡೆದಳು.

ಹಿರಿಯ ಸಿಸ್ಟರ್ ಒಬ್ಬರು ಕೂತು ವಿಚಾರಿಸಿದರು: "ರೊಟ್ಟಿ ಜೋಡಿ ಏನ್ ತಿಂತೀಯಬೇ?"

"ರಂಜಕಾ."

ಎಲ್ಲರೂ ಸುಮ್ಮನಾದೆವು. ಕೆಂಪು ಮೆಣಸಿನಕಾಯಿಗೆ ಕೈತುಂಬ ಉಪ್ಪು ಸುರಿದು ಅರೆಯುವ ರಂಜಕ, ದಿನಕ್ಕೆ ಎರಡು ಹೊತ್ತು. ಹಪ್ಪಳ ಬೇರೆ. ಮೈಯಲ್ಲಿ ನೀರು ಹಿಡಿದಿಡುವುದು ಈ ಉಪ್ಪೇ. ಹುಬ್ಬಳ್ಳಿಯಲ್ಲಿ ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ ಅನ್ನಿ.

ಹಾಗಂತ ಗದಗವೇ ಮೇಲು ಅನ್ನಲಾರೆ. ಅಟ್ಯಾಕ್ ದಿನ ಅಲ್ಲೇ ಇಟ್ಟುಕೊಂಡು ಕೂತಿದ್ದರೆ ಅವ್ವ ಇರುತ್ತಿರಲಿಲ್ಲವೇನೋ. ಮತ್ತೆ ಬೆವರು, ಎದೆ ಭಾರ ಅಂದರೆ ಹುಬ್ಬಳ್ಳಿಗೇ ಗಾಡಿ ತಿರುಗಿಸುತ್ತೇನೆ, ಆ ಕವರನ್ನು ಮಾತ್ರ ಕೈಗೆ ಇಸಕೊಳ್ಳುವುದಿಲ್ಲ. ಕಾಲು ಬಾತರೆ ಗದಗ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಫೋನ್ ಮಾಡಿ ಅಂದಿದ್ದಾರೆ. ರಂಜಕದ ಭರಣಿ ಈಗ ಪಕ್ಕದ ಮನೆಯಲ್ಲಿದೆ. ಅವ್ವ ಅಲ್ಲಿಗೂ ಹೋಗಿಬರುವ ದಿನ ತೂಕದ ಮಶಿನ್‌ಗೆ ಗೊತ್ತಾಗುತ್ತದೆ.